ಬಿಸಿನೀರಿನ ಬಾಗಿಲು: ಒಂದು ಚಿಕ್ಕ ಕವಾಟದ ಇತಿಹಾಸ

ಪುಣೆಯ ದಿನಪತ್ರಿಕೆಗಳಲ್ಲಿ ಊರಿನ ಉಷ್ಣತೆಯನ್ನು ಕೊಡುವಾಗ ‘ಶಿವಾಜಿನಗರ’ ಎಂದು ಬರೆದು ಅದರ ಮುಂದೆ ಅಂಕಿ ಹಾಕುವುದನ್ನು ವಾಚಕರು ಕಂಡಿರಬಹುದು. ಇಷ್ಟು ದೊಡ್ಡ ಊರಿನ ಬಿಸಿ-ತಂಪನ್ನು ಒಂದು ಪೇಟೆಯ ಹೆಸರಿನಲ್ಲಿ ಏಕೆ ಹೇಳುತ್ತಾರೆಂದು ಊರ ಕಡೆಯಿಂದ ಹೊಸದಾಗಿ ಬಂದವರು ಕೇಳುವುದುಂಟು. ಕಾರಣ ಸರಳವಾಗಿದೆ. ಭಾರತ ಹವಾಮಾನ ಇಲಾಖೆಯ ಮುಖ್ಯ ಕಚೇರಿ ೧೯೨೮ರಲ್ಲಿ ಸಿಮ್ಲಾದಿಂದ ಇಲ್ಲಿಗೆ ಬಂದಿತು. ೧೯೪೪ರಲ್ಲಿ ಮುಖ್ಯ ಕಚೇರಿ ದಿಲ್ಲಿಗೆ ಹೋದರೂ ಕಟ್ಟಡ ಇಲ್ಲೇ ಉಳಿಯಿತು, ವೀಕ್ಷಣಾಲಯ ಉಳಿಯಿತು, ಜನರ ಬಾಯಲ್ಲಿ ‘ಸಿಮ್ಲಾ ಆಫೀಸ್’ ಎಂಬ ಹೆಸರೂ ಉಳಿಯಿತು. ಒಂದು ಕಾಲಕ್ಕೆ ಭಾಂಬುರ್ಡೆ ಎಂಬ ಹಳ್ಳಿಯಾಗಿದ್ದ ಶಿವಾಜಿನಗರಕ್ಕೆ ಹೀಗೆ ಉಷ್ಣಮಾಪಕದ ಊರೆಂಬ ಗೌರವ ಬಂದಿತು.

ದಿನವೂ ಈ ಸಿಮ್ಲಾ ಆಫೀಸಿನ ಮುಂದೆ ಹಾದು ನಮ್ಮ ಕಚೇರಿಗೆ ಹೋಗಿ ಕಡತ ತಿರುವಿಹಾಕುವವರು ನಾವು. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಬಿ.ಎಸ್‌ಸಿ. ಮಾಡಿದವರೆಂದು ಮನೆಯಲ್ಲಿ ಮಕ್ಕಳ ಮುಂದೆ ಹೇಳಿಕೊಳ್ಳುವವರೂ ಹೌದು. ಇಂಥ ನಮಗೆ ನಮ್ಮದೇ ಕಾರಿನೊಳಗಿನ ಉಷ್ಣತೆಯ ಮುಳ್ಳನ್ನು ಓದಲು ಬರಲಿಲ್ಲವೆಂಬ ನಾಚಿಕೆಯ ಸಂಗತಿಯಿಂದಲೇ ಈ ಲೇಖನವನ್ನು ಆರಂಭಿಸಬೇಕಾಗಿದೆ.

ಎರಡು ವರ್ಷದ ಹಿಂದಿನ ಏಪ್ರಿಲ್ ತಿಂಗಳು. ಧಾರವಾಡದಲ್ಲಿ ನಮ್ಮ ತಂದೆಯವರಿಗೆ ಮರುದಿನ ಬೆಳಿಗ್ಗೆ ಎಂಟು ಗಂಟೆಗೆ ಕಣ್ಣಿನ ಶಸ್ತ್ರಚಿಕಿತ್ಸೆ ಎಂದು ಗೊತ್ತಾಗಿತ್ತು. ಅರ್ಧ ದಿನದ ರಜೆ ಬರೆದುಕೊಟ್ಟು, ಮನೆಯವರನ್ನೂ ಮಕ್ಕಳನ್ನೂ ಹಳೆಯ ಕಾರಿನಲ್ಲಿ ಕೂರಿಸಿಕೊಂಡು ಮಧ್ಯಾಹ್ನ ಹೊರಟೆವು. ಖಂಬಾಟಕಿ ಘಾಟು ಅರ್ಧ ಏರಿದ್ದೆವೋ ಇಲ್ಲವೋ, ಮುಳ್ಳು ಕೆಂಪು ಗೆರೆಯನ್ನು ದಾಟಿತು, ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತು. ಎರಡು ಗಂಟೆ ರಸ್ತೆಯ ಬದಿಗೆ ನಿಂತೆವು. ಮುಂದೆ ತೆವಳುತ್ತ ಸಾತಾರೆ ಮುಟ್ಟಿ ರಾತ್ರಿ ಅಲ್ಲಿಯೇ ಉಳಿಯಬೇಕಾಯಿತು. ಮರುದಿನ ನಾವು ಧಾರವಾಡ ಸೇರಿದಾಗ ಮಧ್ಯಾಹ್ನವಾಗಿತ್ತು. ನೆರೆಮನೆಯ ಹುಡುಗ ತಂದೆಯವರನ್ನು ಆಸ್ಪತ್ರೆಗೆ ಕರೆದೊಯ್ದು, ಮಗನ ಜಾಗದಲ್ಲಿ ತಾನು ಸಹಿ ಮಾಡಿ, ಚಿಕಿತ್ಸೆ ಮುಗಿಸಿಕೊಂಡು ಮನೆಗೆ ತಂದು ಬಿಟ್ಟಿದ್ದ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದ ತಂದೆಯವರು ಧ್ವನಿಯಿಂದಲೇ ನಮ್ಮನ್ನು ಗುರುತಿಸಿ, “ಬಂದೇನೋ ತಮ್ಮಾ? ಗಾಡಿ ಕೆಟ್ಟಿತ್ತಂತಲ್ಲ, ಮಕ್ಕಳು ಉಂಡ್ರೇನು?” ಎಂದರು. ಅವರು ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಪುಣೆಗೆ ಮರಳಿದ ಮೇಲೆ ಕಾರನ್ನು ಇಬ್ಬರಿಗೆ ತೋರಿಸಿದೆವು. ಒಬ್ಬರು, ಹೆಡ್ ಗ್ಯಾಸ್ಕೆಟ್ ಹೋಗಿದೆ, ಎಂಜಿನ್ ಬಿಚ್ಚಬೇಕು ಎಂದು ನಮ್ಮ ಎರಡು ತಿಂಗಳ ಸಂಬಳವನ್ನು ಮೀರುವ ಮೊತ್ತ ಹೇಳಿದರು. ಇನ್ನೊಬ್ಬರು ಎಂಜಿನ್ನಿನ ತಲೆಯ ಬಳಿ ಬೆರಳು ತೋರಿಸಿ, ಇದರೊಳಗೆ ಥರ್ಮೋಸ್ಟಾಟ್ ಇದೆ, ನಮ್ಮ ದೇಶದ ಬಿಸಿಲಿಗೆ ಅದು ಬೇಕಿಲ್ಲ, “ಕಾಢೂನ ಟಾಕಾ ಸಾಹೇಬ” ಎಂದರು. ತೆಗೆದು ಬಿಸಾಕಿ ಎಂದರ್ಥ. ಇಬ್ಬರೂ ಉಷ್ಣಮಾಪಕವನ್ನು ಮುಟ್ಟಿರಲಿಲ್ಲ. ಟಿಪ್ಪಣಿಯೇ ಇಲ್ಲದ ಕಡತದ ಮೇಲೆ ಷರಾ ಬರೆದಂತಾಯಿತು. ನಮಗೆ ಸಹಿ ಮಾಡಲು ಮನಸ್ಸು ಬರಲಿಲ್ಲ. ಈ ಥರ್ಮೋಸ್ಟಾಟ್ ಎಂಬುದು ಯಾರು, ಎಲ್ಲಿಯವನು, ಎಂಜಿನ್ನಿಗೆ ಏಕೆ ಬಂದು ಸೇರಿದ ಎಂದು ಓದತೊಡಗಿದೆವು.

ಉಷ್ಣತೆಯನ್ನು ತನ್ನಷ್ಟಕ್ಕೆ ತಾನೇ ಹದದಲ್ಲಿಡುವ ಸಾಧನ ಮೋಟಾರಿಗಿಂತ ಬಹಳ ಹಿರಿಯದು. ಹದಿನೇಳನೆಯ ಶತಮಾನದ ಆರಂಭದಲ್ಲಿ, ಇಂಗ್ಲೆಂಡಿನಲ್ಲಿ ನೆಲೆಸಿದ್ದ ಕಾರ್ನೆಲಿಸ್ ಡ್ರೆಬೆಲ್ ಎಂಬ ಡಚ್ ದೇಶದವನು ಕೋಳಿಮೊಟ್ಟೆಗೆ ಕಾವು ಕೊಡುವ ಒಲೆಯನ್ನು ಮಾಡಿದ. ಬಿಸಿ ಹೆಚ್ಚಿದಾಗ ಕೊಳವೆಯೊಳಗಿನ ದ್ರವ ಹಿಗ್ಗಿ ಗಾಳಿಯ ದಾರಿಯನ್ನು ಕಿರಿದು ಮಾಡುತ್ತಿತ್ತು, ತಣಿದಾಗ ಮತ್ತೆ ತೆರೆಯುತ್ತಿತ್ತು. ‘ಥರ್ಮೋಸ್ಟಾಟ್’ ಎಂಬ ಹೆಸರಿಟ್ಟವನು ಸ್ಕಾಟ್ಲೆಂಡಿನ ರಸಾಯನಶಾಸ್ತ್ರಜ್ಞ ಆಂಡ್ರೂ ಯೂರ್, ವರ್ಷ ೧೮೩೦. ಎರಡು ಬೇರೆ ಲೋಹದ ಪಟ್ಟಿಗಳನ್ನು ಬೆಸೆದರೆ ಬಿಸಿಗೆ ಒಂದು ಹೆಚ್ಚು ಹಿಗ್ಗಿ ಜೋಡಿ ಬಾಗುತ್ತದೆ, ಆ ಬಾಗುವಿಕೆಯಿಂದ ಕವಾಟವನ್ನು ಆಡಿಸಬಹುದೆಂಬುದು ಅವನ ಉಪಾಯವಾಗಿತ್ತು.

ಮೋಟಾರು ಹುಟ್ಟಿದಾಗ ಮಾತ್ರ ಇಂಥ ನಾಜೂಕು ಏನೂ ಇರಲಿಲ್ಲ. ಕಾರ್ಲ್ ಬೆಂಜನ ಮೊದಲ ಗಾಡಿಯಲ್ಲಿ ಎಂಜಿನ್ನಿನ ಸುತ್ತ ನೀರಿತ್ತು. ಅದು ಕುದಿದು ಆವಿಯಾಗಿ ಹೋಗುತ್ತಿತ್ತು, ಮತ್ತೆ ಹೊಯ್ಯಬೇಕಾಗುತ್ತಿತ್ತು. ೧೮೮೮ರಲ್ಲಿ ಅವನ ಹೆಂಡತಿ ಬರ್ಟಾ ಬೆಂಜ್ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು, ಗಂಡನಿಗೆ ಮೊದಲೇ ತಿಳಿಸದೆ, ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿನ ತವರಿಗೆ ಸುಮಾರು ೧೦೦ ಕಿಲೋಮೀಟರು ಗಾಡಿ ಓಡಿಸಿದಳು. ದಾರಿಯುದ್ದಕ್ಕೂ ನೀರು ಸಿಕ್ಕಲ್ಲೆಲ್ಲ ನಿಲ್ಲಿಸಿ ತುಂಬಿಸಿಕೊಳ್ಳಬೇಕಾಯಿತು. ತವರಿಗೆ ಹೊರಟವಳು ಹಬೆಯಾಡುವ ಗಾಡಿಯ ಬಳಿ ನೀರಿಗಾಗಿ ನಿಂತದ್ದನ್ನು ಓದಿದಾಗ ಖಂಬಾಟಕಿಯಲ್ಲಿ ಬಾಟಲಿ ಹಿಡಿದು ನಿಂತ ನಮ್ಮ ಮನೆಯವರ ನೆನಪಾಯಿತು.

ಅನಂತರ ಸುಧಾರಣೆಗಳು ಒಂದೊಂದಾಗಿ ಬಂದವು. ೧೯೦೧ರ ಮರ್ಸಿಡಿಸ್ ಗಾಡಿಗೆ ವಿಲ್‌ಹೆಲ್ಮ್ ಮೇಬಾಕ್ ಎಂಟು ಸಾವಿರಕ್ಕೂ ಮೀರಿದ ಸಣ್ಣ ನಳಿಗೆಗಳನ್ನು ಜೇನುಹುಟ್ಟಿನಂತೆ ಜೋಡಿಸಿದ ರೇಡಿಯೇಟರ್ ಕೊಟ್ಟ. ನೀರು ಬಿಸಿಯನ್ನು ಗಾಳಿಗೆ ಒಪ್ಪಿಸಿ ಮರಳಿ ಬರುವಂತಾಯಿತು. ೧೯೦೮ರಿಂದ ೧೯೨೭ರವರೆಗೆ ಬಂದ ಫೋರ್ಡ್ ‘ಮಾಡೆಲ್ ಟಿ’ ಗಾಡಿಗಳಲ್ಲಿ ಹೆಚ್ಚಿನವಕ್ಕೆ ನೀರು ತಳ್ಳುವ ಪಂಪೂ ಇರಲಿಲ್ಲ. ಬಚ್ಚಲ ಹಂಡೆಯಲ್ಲಿ ಕಾದ ನೀರು ಮೇಲೇರಿ ತಣ್ಣೀರು ಕೆಳಗಿಳಿಯುವುದಲ್ಲ, ಅದೇ ತತ್ವದ ಮೇಲೆ ನೀರು ಸುತ್ತುತ್ತಿತ್ತು.

ಆದರೆ ಪಂಪು ಬಂದ ಮೇಲೆ ಒಂದು ಹೊಸ ತೊಡಕು ಎದ್ದಿತು. ಎಂಜಿನ್ ತಣ್ಣಗಿರುವಾಗಲೂ ಪಂಪು ನೀರನ್ನು ರೇಡಿಯೇಟರಿಗೆ ತಳ್ಳಿ ಮತ್ತಷ್ಟು ತಣಿಸುತ್ತದೆ. ತಣ್ಣಗಿನ ಎಂಜಿನ್ನಿನಲ್ಲಿ ಪೆಟ್ರೋಲು ಸರಿಯಾಗಿ ಆವಿಯಾಗುವುದಿಲ್ಲ. ಉರಿಯದ ಪೆಟ್ರೋಲು ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆಯುತ್ತದೆ. ಉರಿಯಿಂದ ಹುಟ್ಟಿದ ನೀರಾವಿ ಎಣ್ಣೆಯಲ್ಲಿ ಸೇರಿ ಅದು ಕೆಸರಾಗುತ್ತದೆ, ಸವೆತ ಹೆಚ್ಚುತ್ತದೆ. ಹೀಗೆ ಅತಿ ಬಿಸಿಯಂತೆ ಅತಿ ತಂಪೂ ಎಂಜಿನ್ನಿಗೆ ರೋಗವೇ. ಆದ್ದರಿಂದ ನೀರಿನ ದಾರಿಯಲ್ಲಿ ಒಂದು ಬಾಗಿಲು ಬೇಕಾಯಿತು. ಹದಕ್ಕೆ ಕಾಯುವವರೆಗೆ ಅದು ಮುಚ್ಚಿರಬೇಕು, ಕಾದ ಮೇಲೆ ತಾನಾಗಿ ತೆರೆಯಬೇಕು. ಅಮೆರಿಕದ ಕ್ಯಾಡಿಲ್ಯಾಕ್ ಗಾಡಿಗಳಲ್ಲಿ ೧೯೧೪-೧೫ರ ಹೊತ್ತಿಗೆ ಇಂಥ ಬಾಗಿಲು ಬಂದಿತು. ಮುಂದೆ ಹಲವು ವರ್ಷ, ಬೇಗ ಆವಿಯಾಗುವ ದ್ರವ ತುಂಬಿದ ತಿದಿಯಾಕಾರದ ಲೋಹದ ಡಬ್ಬಿ ಈ ಕೆಲಸ ಮಾಡಿತು. ೧೯೩೦ರ ದಶಕದಲ್ಲಿ ಸರ್ಜಿಯಸ್ ವೆರ್ನೆ ಎಂಬಾತ ಅಮೆರಿಕದಲ್ಲಿ ಮೇಣದ ಥರ್ಮೋಸ್ಟಾಟನ್ನು ರೂಪಿಸಿದ. ಇಂದಿಗೂ ನಮ್ಮ ಕಾರುಗಳಲ್ಲಿರುವುದು ಅದರ ಸಂತತಿಯೇ.

ಅದರ ರಚನೆ ಇಷ್ಟೇ: ಹೆಬ್ಬೆರಳಿನ ಗಾತ್ರದ ಲೋಹದ ಬಟ್ಟಲಿನಲ್ಲಿ ಮೇಣ ತುಂಬಿರುತ್ತದೆ. ಚಳಿಗೆ ಹೆರೆತ ತುಪ್ಪ ಕರಗಿದಾಗ ಡಬ್ಬಿಯಲ್ಲಿ ತುಸು ಮೇಲೇರುವಂತೆ, ಗೊತ್ತಾದ ಬಿಸಿಗೆ ಮೇಣವೂ ಕರಗಿ ಹಿಗ್ಗುತ್ತದೆ. ಒಂದು ಕಡ್ಡಿಯನ್ನು ತಳ್ಳಿ ಕವಾಟವನ್ನು ತೆರೆಯುತ್ತದೆ. ತಣಿದಾಗ ಸ್ಪ್ರಿಂಗು ಮುಚ್ಚುತ್ತದೆ. ಯಾವ ಉಷ್ಣತೆಗೆ ತೆರೆಯಲು ತೊಡಗಬೇಕೆಂಬುದನ್ನು, ೮೨ ಎಂದೋ ೮೮ ಎಂದೋ, ಅದರ ಮೈಮೇಲೆಯೇ ಒತ್ತಿರುತ್ತಾರೆ. ಪೂರ್ತಿ ತೆರೆಯಲು ಅದಕ್ಕಿಂತ ಹತ್ತು ಹದಿನೈದು ಡಿಗ್ರಿ ಹೆಚ್ಚು ಬೇಕು.

ಇಷ್ಟು ಓದಿದಾಗ ನಮಗೆ ಒಂದು ಸಂಗತಿ ಹೊಳೆಯಿತು. ತಾನಾಗಿ ತೆರೆದು ತಾನಾಗಿ ಮುಚ್ಚುವ ಬಾಗಿಲಿನ ಕಥೆಯನ್ನು ಕನ್ನಡಿಗರು ಮೊದಲ ಬಾರಿಗೆ ಕೇಳುತ್ತಿಲ್ಲ. ಅದೂ ಶಿವಾಜಿನಗರದ ಕನ್ನಡಿಗರಿಗೆ ಅದು ಮನೆಯ ಕಥೆ.

ಸಂಗಮದ ಬಳಿಯ ಎಂಜಿನಿಯರಿಂಗ್ ಕಾಲೇಜು ೧೮೫೪ರಷ್ಟು ಹಳೆಯ ಶಾಲೆಯೊಂದರಿಂದ ಬೆಳೆದದ್ದು. ಬೆಂಗಳೂರಿನಲ್ಲಿ ಬಿ.ಎ. ಮುಗಿಸಿ, ಮೈಸೂರು ಸರಕಾರದ ವಿದ್ಯಾರ್ಥಿವೇತನ ಪಡೆದು ಇಲ್ಲಿ ಕಲಿಯಲು ಬಂದ ಮುದ್ದೇನಹಳ್ಳಿಯ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ೧೮೮೩ರಲ್ಲಿ ಮೊದಲ ಸ್ಥಾನದಲ್ಲಿ ತೇರ್ಗಡೆಯಾಗಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು. ಊರು ಬಿಟ್ಟು ಓದಲು, ಸರಕಾರಿ ನೌಕರಿ ಮಾಡಲು ಪುಣೆಗೆ ಬಂದ ಕನ್ನಡಿಗರ ಪೈಕಿ ಅವರು ನಮಗೆಲ್ಲ ಹಿರಿಯರು.

ಪುಣೆಗೆ ನೀರು ಕೊಡುತ್ತಿದ್ದ ಖಡಕವಾಸಲಾ ಜಲಾಶಯದಲ್ಲಿ ಪ್ರತಿ ಮಳೆಗಾಲದಲ್ಲೂ ಹೆಚ್ಚಿನ ನೀರು ಕೋಡಿಯ ಮೇಲೆ ಹರಿದು ವ್ಯರ್ಥವಾಗುತ್ತಿತ್ತು. ಕೋಡಿಯನ್ನೇ ಎತ್ತರಿಸಿದರೆ ಮಹಾಪೂರ ಬಂದಾಗ ಅಣೆಕಟ್ಟಿಗೆ ಅಪಾಯ. ಆಳನ್ನು ನಿಲ್ಲಿಸಿ ಬಾಗಿಲು ತೆರೆಸೋಣವೆಂದರೆ ನಡುರಾತ್ರಿಯ ಪೂರಕ್ಕೆ ಅವನು ಎಚ್ಚರವಿರಬೇಕಲ್ಲ! ವಿಶ್ವೇಶ್ವರಯ್ಯನವರು ಭಾರಸಮತೋಲನದ ಮೇಲೆ ನಡೆಯುವ ಸ್ವಯಂಚಾಲಿತ ಬಾಗಿಲುಗಳನ್ನು ರೂಪಿಸಿ ೧೯೦೩ರಲ್ಲಿ ಅಲ್ಲಿ ಕೂರಿಸಿದರು. ನೀರು ಗೊತ್ತಾದ ಮಟ್ಟ ಮುಟ್ಟುವವರೆಗೆ ಅವು ಮುಚ್ಚಿರುತ್ತಿದ್ದವು, ಮೀರಿದರೆ ತಾವಾಗಿ ತೆರೆಯುತ್ತಿದ್ದವು, ಇಳಿದರೆ ತಾವಾಗಿ ಮುಚ್ಚುತ್ತಿದ್ದವು. ನೀರಿನ ಸಂಗ್ರಹದ ಮಟ್ಟ ಸುಮಾರು ೮ ಅಡಿ ಹೆಚ್ಚಿತು. ಆ ವಿನ್ಯಾಸಕ್ಕೆ ಅವರು ಹಕ್ಕುಪತ್ರ ಪಡೆದಿದ್ದರೂ, ಸರಕಾರದ ಸೇವೆಯಲ್ಲಿದ್ದಾಗ ಮಾಡಿದ ಕೆಲಸವೆಂದು ಗೌರವಧನವನ್ನು ಒಲ್ಲೆನೆಂದರು. ಅದೇ ಬಗೆಯ ಬಾಗಿಲುಗಳು ಮುಂದೆ ಗ್ವಾಲಿಯರಿಗೂ ನಮ್ಮ ಕೃಷ್ಣರಾಜಸಾಗರಕ್ಕೂ ಹೋದವು. ಅಲ್ಲಿ ನೀರಿನ ಮಟ್ಟ, ಎಂಜಿನ್ನಿನಲ್ಲಿ ನೀರಿನ ಬಿಸಿ. ಉಳಿದಂತೆ ಬಾಗಿಲಿನ ಧರ್ಮ ಒಂದೇ.

ನಮ್ಮ ದೇಶದ ಮೋಟಾರಿನ ಕಥೆಯಲ್ಲೂ ಈ ಹಿರಿಯರು ಬರುತ್ತಾರೆ. ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ೧೯೩೫ರಲ್ಲಿ, ಅವರು ಯೂರೋಪು ಅಮೆರಿಕಗಳಿಗೆ ಹೋಗಿ ಮೋಟಾರು ಕಾರ್ಖಾನೆಗಳನ್ನು ನೋಡಿ ಬಂದು, ಭಾರತದಲ್ಲಿ ಅಂಥದೊಂದನ್ನು ಕಟ್ಟುವ ಯೋಜನೆಯನ್ನು ಸಿದ್ಧಪಡಿಸಿದರು. ಉದ್ಯಮಿ ವಾಲಚಂದ ಹೀರಾಚಂದರು ಅದಕ್ಕೆ ಕೈ ಜೋಡಿಸಿದರು. ಮೈಸೂರು ಸಂಸ್ಥಾನದಲ್ಲಿ ಅದನ್ನು ತರುವ ಪ್ರಯತ್ನವೂ ನಡೆಯಿತು, ಆದರೆ ಬ್ರಿಟಿಷ್ ಸರಕಾರದ ಬೆಂಬಲ ದೊರೆಯಲಿಲ್ಲ. ಕೊನೆಗೆ ೧೯೪೪ರಲ್ಲಿ ವಾಲಚಂದರು ಮುಂಬಯಿಯಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸ್ಥಾಪಿಸಿದರು. ಮುಂದೆ ಫಿಯಾಟ್ ಎಂದೂ ಆಮೇಲೆ ಪದ್ಮಿನಿ ಎಂದೂ ನಾವು ಕಂಡ ಗಾಡಿ ಆ ಕಾರ್ಖಾನೆಯದೇ.

ನಮ್ಮ ಬಾಲ್ಯದ ಧಾರವಾಡದಲ್ಲಿ ಓಣಿಗೊಂದು ಕಾರು ಇದ್ದರೆ ಹೆಚ್ಚು. ನಮ್ಮ ಓಣಿಯ ಡಾಕ್ಟರರ ಫಿಯಾಟಿನ ಡಿಕ್ಕಿಯಲ್ಲಿ ಎಣ್ಣೆಯ ಹಳೆ ಡಬ್ಬದ ತುಂಬ ನೀರು ಯಾವಾಗಲೂ ಇರುತ್ತಿತ್ತು. ಆ ಕಾಲದ ಗ್ಯಾರೇಜುಗಳಲ್ಲಿ, ಗಾಡಿ ಕಾಯುತ್ತದೆಂದು ದೂರು ಬಂದರೆ ಥರ್ಮೋಸ್ಟಾಟ್ ಕಿತ್ತು ಬಿಸಾಕುವ ರೂಢಿ ಬೆಳೆಯಿತು. ಅದಕ್ಕೂ ಅರ್ಥವಿಲ್ಲದಿರಲಿಲ್ಲ. ಬಿಡಿಭಾಗ ಸುಲಭವಾಗಿ ಸಿಗದ ಕಾಲ, ಗಡಸು ನೀರು ಹೊಯ್ದು ತುಕ್ಕು ಹಿಡಿದ ನೀರಿನ ದಾರಿಗಳು, ಮೇಲೆ ಮೇ ತಿಂಗಳ ಬಿಸಿಲು. ಮುಚ್ಚಿಕೊಂಡೇ ಕೆಟ್ಟುನಿಂತ ಬಾಗಿಲಿಗಿಂತ ಬಾಗಿಲೇ ಇಲ್ಲದ ಮನೆ ಮೇಲು ಎಂಬ ಲೆಕ್ಕ. ಆಪತ್ತಿಗೆ ಮಾಡಿದ ಈ ಉಪಾಯ ಕ್ರಮೇಣ ಶಾಸ್ತ್ರವಾಯಿತು. ಬಿಡಿಭಾಗ ಧಾರಾಳವಾಗಿ ಸಿಗುವ ಈ ದಿನಗಳಲ್ಲೂ ಅದೇ ಶಾಸ್ತ್ರ ನಮ್ಮ ಕಿವಿಗೆ ಬಿದ್ದದ್ದು.

ಈಗಿನ ಅನೇಕ ಎಂಜಿನ್ನುಗಳಲ್ಲಿ ಇದು ಇನ್ನೂ ತಪ್ಪು. ಅವುಗಳಲ್ಲಿ ಥರ್ಮೋಸ್ಟಾಟಿಗೆ ಎರಡು ಕೆಲಸ: ರೇಡಿಯೇಟರಿನ ದಾರಿಯನ್ನು ತೆರೆಯುತ್ತಲೇ, ನೀರು ರೇಡಿಯೇಟರನ್ನು ತಪ್ಪಿಸಿ ಒಳಗೊಳಗೇ ಸುತ್ತುವ ಅಡ್ಡದಾರಿಯನ್ನು ಮುಚ್ಚುವುದು. ಅದನ್ನು ತೆಗೆದರೆ ಅಡ್ಡದಾರಿ ಸದಾ ತೆರೆದೇ ಇದ್ದು, ಬಿಸಿನೀರಿನ ಒಂದು ಪಾಲು ತಣಿಯದೆ ಎಂಜಿನ್ನಿಗೆ ಮರಳುತ್ತದೆ. ಘಾಟು ಏರುವಾಗ, ಯಾವುದನ್ನು ತಪ್ಪಿಸಲು ಅದನ್ನು ಕಿತ್ತೆವೋ ಅದೇ ಎದುರಾಗಬಹುದು.

ಹಾಗಾದರೆ ರೋಗ ಯಾವುದೆಂದು ತಿಳಿಯುವುದು ಹೇಗೆ? ಅಳೆಯಬೇಕು. ಇಲ್ಲಿ ಸಿಮ್ಲಾ ಆಫೀಸಿನ ಇನ್ನೊಬ್ಬ ಹಿರಿಯರನ್ನು ನೆನೆಯದೆ ಮುಂದೆ ಹೋಗಲಾರೆವು. ಕೇರಳದಲ್ಲಿ ೧೯೧೮ರಲ್ಲಿ ಹುಟ್ಟಿದ ಅನ್ನಾ ಮಣಿಯವರು ಬೆಂಗಳೂರಿನಲ್ಲಿ ಸರ್ ಸಿ. ವಿ. ರಾಮನ್‌ರ ಪ್ರಯೋಗಶಾಲೆಯಲ್ಲಿ ವಜ್ರ ಮಾಣಿಕ್ಯಗಳ ಬೆಳಕನ್ನು ಅಭ್ಯಾಸ ಮಾಡಿ, ಇಂಗ್ಲೆಂಡಿನಲ್ಲಿ ಹವಾಮಾನದ ಉಪಕರಣಗಳ ವಿದ್ಯೆ ಕಲಿತು, ೧೯೪೮ರಲ್ಲಿ ಪುಣೆಯ ಈ ಕಚೇರಿಗೆ ಬಂದರು. ಹೊರದೇಶದಿಂದ ತರಿಸುತ್ತಿದ್ದ ಉಪಕರಣಗಳನ್ನು ಇಲ್ಲಿಯೇ ಮಾಡಿಸಲು ಸುಮಾರು ನೂರು ಬಗೆಯ ಉಪಕರಣಗಳ ನಕ್ಷೆಗಳನ್ನು ಪ್ರಮಾಣೀಕರಿಸಿದರು. ತಪ್ಪು ಅಳತೆಗಿಂತ ಅಳೆಯದಿರುವುದೇ ವಾಸಿ ಎಂಬ ನಿಷ್ಠುರ ನಂಬಿಕೆ ಅವರದು. ಒಂದು ಉಪಕರಣವನ್ನು ನಂಬುವ ಮುನ್ನ ಇನ್ನೊಂದರೊಡನೆ ಹೋಲಿಸಿ ನೋಡಬೇಕೆಂಬ ಪಾಠ ಅಲ್ಲಿಂದಲೇ ನಮಗೆ ಸಿಕ್ಕಿತು.

ಮೊದಲ ಪರೀಕ್ಷೆಗೆ ಉಪಕರಣವೇ ಬೇಡ. ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಚಾಲೂ ಮಾಡಿ, ತಿರುಗುವ ಫ್ಯಾನಿಗೂ ಬೆಲ್ಟಿಗೂ ಕೈ ಬಟ್ಟೆ ತಾಗದಂತೆ ಎಚ್ಚರವಿದ್ದು, ಎಂಜಿನ್ನಿನಿಂದ ರೇಡಿಯೇಟರಿಗೆ ಹೋಗುವ ಮೇಲಿನ ರಬ್ಬರಿನ ಹೋಸ್‌ಪೈಪನ್ನು ಆಗಾಗ ಮುಟ್ಟಿ ನೋಡಬೇಕು. ಹೆಚ್ಚಿನ ಕಾರುಗಳಲ್ಲಿ ಥರ್ಮೋಸ್ಟಾಟ್ ಇರುವುದು ಈ ಪೈಪಿನ ಬುಡದಲ್ಲೇ. ಬಾಗಿಲು ಸರಿಯಿದ್ದರೆ ಮುಳ್ಳು ನಡುವಿಗೆ ಬರುವವರೆಗೆ ಪೈಪು ಹೆಚ್ಚು ಕಾಯುವುದಿಲ್ಲ, ಆಮೇಲೆ ಒಮ್ಮೆಗೇ ಬಿಸಿಯಾಗುತ್ತದೆ. ಮೊದಲಿನಿಂದಲೇ ಸ್ವಲ್ಪಸ್ವಲ್ಪವಾಗಿ ಕಾಯುತ್ತ ಬಂದು, ಮುಳ್ಳು ನಡುವಿಗೆ ಏರಲು ಬಹಳ ಹೊತ್ತಾದರೆ ಬಾಗಿಲು ತೆರೆದೇ ನಿಂತಿದೆ. ಮುಳ್ಳು ಕೆಂಪಿನತ್ತ ಹೋಗುತ್ತಿದ್ದರೂ ಪೈಪು ತಣ್ಣಗಿದ್ದರೆ ಬಾಗಿಲು ಮುಚ್ಚಿ ನಿಂತಿದೆ. ಕೂಡಲೇ ಎಂಜಿನ್ ನಿಲ್ಲಿಸಬೇಕು. ಬಿಸಿ ಇರುವಾಗ ರೇಡಿಯೇಟರಿನ ಮುಚ್ಚಳವನ್ನು ಮಾತ್ರ ಯಾವ ಕಾರಣಕ್ಕೂ ತೆರೆಯಬಾರದು. ಒಳಗೆ ಒತ್ತಡವಿರುತ್ತದೆ, ಕುದಿನೀರು ಮುಖಕ್ಕೆ ಹಾರುತ್ತದೆ.

ನಮ್ಮ ಕಾರಿನಲ್ಲಿ ಮುಳ್ಳು ನಡುವನ್ನು ದಾಟಿದರೂ ಪೈಪು ಬರೀ ಉಗುರುಬೆಚ್ಚಗಿತ್ತು. ಅನುಮಾನ ಬಲವಾಯಿತು. ಪರಿಚಯದ ಮೆಕ್ಯಾನಿಕ್ಕಿನಿಂದ ತಣ್ಣಗಿನ ಎಂಜಿನ್ನಿನ ಥರ್ಮೋಸ್ಟಾಟ್ ಬಿಚ್ಚಿಸಿ ತಂದೆವು. ಅದೇ ಅಂಕಿಯ, ೮೨ರ, ಹೊಸದೊಂದನ್ನೂ ಕೊಂಡೆವು. ಅಡುಗೆಗೆ ಬಳಸದ ಹಳೆಯ ಪಾತ್ರೆಯೊಂದನ್ನು ಮನೆಯವರಿಂದ ಬೇಡಿ ಪಡೆದೆವು, ಏಕೆಂದರೆ ಕೂಲಂಟ್ ವಿಷ. ಅದು ತಾಗಿದ ಪಾತ್ರೆ ಮತ್ತೆ ಒಲೆಗೆ ಬರಬಾರದು. ಎರಡನ್ನೂ ದಾರ ಕಟ್ಟಿ ತಳಕ್ಕೆ ತಾಗದಂತೆ ಒಂದೇ ನೀರಿನಲ್ಲಿ ತೂಗುಬಿಟ್ಟು, ಗೆಳೆಯರು ಕೊಟ್ಟ ಪ್ರಯೋಗಶಾಲೆಯ ಉಷ್ಣಮಾಪಕ ಇಳಿಸಿ, ಸಣ್ಣ ಉರಿಯಲ್ಲಿ ಕಾಯಿಸಿದೆವು. ಮಗಳು ಅಂಕಿ ಬರೆದುಕೊಂಡಳು.

೮೩ಕ್ಕೆ ಹೊಸದರ ಬಾಗಿಲು ಕೂದಲೆಳೆಯಷ್ಟು ಬಿರಿಯಿತು. ೯೦ಕ್ಕೆ ಅರ್ಧ, ೯೫ಕ್ಕೆ ಬಹುಮಟ್ಟಿಗೆ ಪೂರ್ತಿ. ಹಳೆಯದು ೯೦ಕ್ಕೂ ಅಲುಗಲಿಲ್ಲ, ೯೫ಕ್ಕೂ ಇಲ್ಲ. ನೀರು ಕುದಿಯತೊಡಗಿದಾಗ ಒಂದು ಮೂಲೆಯಲ್ಲಿ ಸ್ವಲ್ಪ ಸಂದಿ ಕಂಡಿತು, ಅಷ್ಟೆ. ಊರೊಳಗೆ ನಿಧಾನವಾಗಿ ಓಡಿಸುವಾಗ ಆ ಸಂದಿಯೇ ಸಾಕಾಗುತ್ತಿತ್ತು, ಘಾಟಿನಲ್ಲಿ ಸಾಲಲಿಲ್ಲ. ಇಲ್ಲಿ ಒಂದು ಮಾತು ನೆನಪಿರಲಿ. ಸಮುದ್ರಮಟ್ಟದಿಂದ ಸುಮಾರು ೫೬೦ ಮೀಟರು ಎತ್ತರದ ಪುಣೆಯಲ್ಲಿ ತೆರೆದ ಪಾತ್ರೆಯ ನೀರು ೯೮ರ ಹತ್ತಿರವೇ ಕುದಿಯುತ್ತದೆ. ೮೮ರ ಅಂಕಿಯ ಥರ್ಮೋಸ್ಟಾಟ್ ಆದರೆ ಅದು ಪೂರ್ತಿ ತೆರೆಯುವುದನ್ನು ಒಲೆಯ ಮೇಲೆ ಕಾಣಲಾಗದು. ತೆರೆಯಲು ತೊಡಗುವುದು, ತಣಿದಾಗ ಪೂರ್ತಿ ಮುಚ್ಚುವುದು, ಇವೆರಡನ್ನು ನೋಡಿದರೆ ಸಾಕು. ಕಾರಿನ ರೇಡಿಯೇಟರಿನಲ್ಲಿ ಮುಚ್ಚಳದ ಒತ್ತಡವಿರುವುದರಿಂದ ನೀರು ಅಷ್ಟು ಬೇಗ ಕುದಿಯುವುದಿಲ್ಲ.

ಹೊಸದನ್ನು ಕೂರಿಸಿದೆವು. ಎಂಜಿನ್ ಬಿಚ್ಚಲಿಲ್ಲ. ಖರ್ಚಾದದ್ದು ಹೇಳಿದ ಮೊತ್ತದ ಒಂದು ಚಿಕ್ಕ ಪಾಲು.

ಆದರೆ ಬಾಗಿಲೊಂದು ಸರಿಯಿದ್ದರೆ ಎಲ್ಲವೂ ಸರಿಯೆಂದು ಬೀಗಬಾರದು. ಇದನ್ನೂ ಪುಣೆಯ ಇತಿಹಾಸವೇ ಕಲಿಸುತ್ತದೆ. ೧೯೬೧ರ ಜುಲೈ ೧೨ರಂದು ಮೇಲ್ಭಾಗದಲ್ಲಿ ಇನ್ನೂ ಕಟ್ಟುತ್ತಿದ್ದ ಪಾನಶೇತ್ ಅಣೆಕಟ್ಟು ಒಡೆದು, ಆ ನೀರಿನ ಹೊಡೆತಕ್ಕೆ ಖಡಕವಾಸಲಾ ಅಣೆಕಟ್ಟೂ ಒಡೆಯಿತು. ಪುಣೆಯ ನದೀತೀರದ ಪೇಟೆಗಳು ಮುಳುಗಿದವು. ಕೋಡಿಯ ಬಾಗಿಲುಗಳು ಮಳೆಗಾಲದ ಪೂರಕ್ಕೆ ಮಾಡಿದವು, ಮೇಲಿನ ಒಂದು ಅಣೆಕಟ್ಟಿನ ನೀರೆಲ್ಲ ಒಮ್ಮೆಗೇ ಬಂದರೆ ಅವೇನು ಮಾಡಿಯಾವು? ಎಂಜಿನ್ನಿನಲ್ಲೂ ಹಾಗೆ. ನೀರು ಸೋರಿ ಕಡಿಮೆಯಾಗಿದ್ದರೆ, ರೇಡಿಯೇಟರಿನ ಸಂದಿಗಳಲ್ಲಿ ಕೆಸರು ಕಟ್ಟಿದ್ದರೆ, ಫ್ಯಾನು ತಿರುಗದಿದ್ದರೆ, ಪಂಪು ಸವೆದಿದ್ದರೆ, ಗ್ಯಾಸ್ಕೆಟ್ ನಿಜವಾಗಿಯೇ ಹೋಗಿದ್ದರೆ, ಹೊಸ ಥರ್ಮೋಸ್ಟಾಟಿನಿಂದ ಏನೂ ಆಗದು. ಅವನ್ನೂ ಒಂದೊಂದಾಗಿ ನೋಡಬೇಕು, ಅಗ್ಗದ್ದನ್ನು ಮೊದಲು ನೋಡಬೇಕು. ನಮಗೆ ಬೆಲೆ ಹೇಳಿದವರನ್ನು ಅಪ್ರಾಮಾಣಿಕರೆಂದು ನಾವು ಹೇಳುವುದಿಲ್ಲ. ಅಳೆಯದೆ ಹೇಳಿದರು, ಅಷ್ಟೆ. ಅಳೆಯದೆ ಘಾಟು ಏರಿದ ನಮ್ಮ ತಪ್ಪು ಅದಕ್ಕಿಂತ ದೊಡ್ಡದು. ಆ ಪ್ರಯಾಣಕ್ಕೆ ಎಷ್ಟೋ ದಿನ ಮೊದಲಿನಿಂದ ಮುಳ್ಳು ಒಂದು ಗೆರೆ ಮೇಲೆ ನಿಲ್ಲುತ್ತಿದ್ದುದನ್ನು ನಾವು ಕಂಡೂ, ಬೇಸಿಗೆಯೆಂದು ಸುಮ್ಮನಿದ್ದೆವು.

ಈ ವರ್ಷ ತಂದೆಯವರ ಇನ್ನೊಂದು ಕಣ್ಣಿನ ಚಿಕಿತ್ಸೆಯಾಯಿತು. ಹಿಂದಿನ ಭಾನುವಾರವೇ ಹೋಸ್‌ಪೈಪು ಮುಟ್ಟಿ ನೋಡಿ, ನೀರಿನ ಮಟ್ಟ ಕಂಡು, ಒಂದು ದಿನ ಮುಂಚಿತವಾಗಿ ಹೊರಟೆವು. ಖಂಬಾಟಕಿಯಲ್ಲಿ ಮುಳ್ಳು ನಡುವನ್ನು ಬಿಟ್ಟು ಏರಲಿಲ್ಲ. ಆಸ್ಪತ್ರೆಯ ಕಾಗದಕ್ಕೆ ಸಹಿ ಮಾಡುವಾಗ ತಂದೆಯವರು ನಮ್ಮ ಭುಜ ಹಿಡಿದುಕೊಂಡು ನಿಂತಿದ್ದರು. ರಜೆಗೆ ಊರಿಗೆ ಹೊರಡುವ ನಮ್ಮ ಸಂಘದ ಬಂಧುಗಳು, ಬುತ್ತಿ ಕಟ್ಟುವ ಮುನ್ನ, ತಣ್ಣಗಿನ ಬೆಳಗಿನಲ್ಲಿ ಒಮ್ಮೆ ಬಾನೆಟ್ ಎತ್ತಿ ಆ ಪೈಪನ್ನು ಮುಟ್ಟಿ ನೋಡಲಿ. ಊರಲ್ಲಿ ಕಾಯುತ್ತಿರುವವರಿಗೆ ವಯಸ್ಸಾಗಿದೆ.